ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ಬಂದ ದಿನ: ಕೊಡಗಿನ ಎಸ್ಪಿ ಅವರಿಗೆ ಬಹಿರಂಗ ಪತ್ರ

ಮಾನ್ಯ ಕೊಡಗು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ನಮಸ್ಕಾರ.

ನಾನು ನಾಪೋಕ್ಲು ಕಡೆಯವಳು. ಸಣ್ಣ ಕಾಫಿ ತೋಟ ಇದೆ. ವಯಸ್ಸು ಅರವತ್ತೆರಡು. ನನ್ನ ಅಪ್ಪ ಪೊಲೀಸ್ ಇಲಾಖೆಗೆ ಪೇದೆಯಾಗಿ ಸೇರಿ ದಫೇದಾರರಾಗಿ ನಿವೃತ್ತರಾದವರು. ನನ್ನ ಯಜಮಾನರು ಸೇನೆಯಲ್ಲಿ ಇಪ್ಪತ್ತಾರು ವರ್ಷ ಇದ್ದು ಸುಬೇದಾರರಾಗಿ ಮನೆಗೆ ಬಂದವರು. ಮದುವೆಯಾದ ಹೊಸದರಲ್ಲಿ ಇವರು ರಜೆಗೆ ಬಂದಾಗ ಪೊಲೀಸ್ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಒಂದೇ ಹಗ್ಗದ ಮೇಲೆ ಅಪ್ಪನ ಖಾಕಿಯೂ ಇವರ ಹಸಿರು ಬಟ್ಟೆಯೂ ಒಣಗುತ್ತಿದ್ದವು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುತ್ತಿದ್ದವಳು ನಾನೇ. ಎರಡೂ ಬಟ್ಟೆಗಳ ಮೇಲೆ ನನಗೆ ಒಂದೇ ಗೌರವ. ಆದರೆ ಅವೆರಡೂ ಬೇರೆ ಬೇರೆ ಕೆಲಸದ ಬಟ್ಟೆಗಳು ಅನ್ನುವುದು ನಮ್ಮ ಮನೆಯ ಮಕ್ಕಳಿಗೂ ಗೊತ್ತಿತ್ತು. ಈಗೀಗ ಆ ವ್ಯತ್ಯಾಸ ಅಳಿಸಿಹೋಗುತ್ತಿದೆ. ಅದರ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಯಾಕೆ ಅಂದರೆ, ಇದು ನನ್ನೊಬ್ಬಳ ದೂರಲ್ಲ. ಜಿಲ್ಲೆಯ ಜನರೂ ಓದಲಿ, ನಿಮ್ಮ ಸಿಬ್ಬಂದಿಯೂ ಓದಲಿ.

ಮೊದಲು ಒಂದು ಘಟನೆ ಹೇಳುತ್ತೇನೆ. ಠಾಣೆಯ ಹೆಸರು, ಅಧಿಕಾರಿಯ ಹೆಸರು ಬರೆಯುವುದಿಲ್ಲ. ಆಗ ಇದ್ದವರು ಈಗ ಅಲ್ಲಿಲ್ಲ. ನೀವೂ ಆಗ ಈ ಜಿಲ್ಲೆಯಲ್ಲಿ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳು. ಕರಿಮೆಣಸಿನ ಕೊಯ್ಲು ನಡೆಯುತ್ತಿತ್ತು. ಪಕ್ಕದ ತೋಟದ ಕಣದಲ್ಲಿ ಒಣಗಲು ಹಾಕಿದ್ದ ಮೆಣಸು ಎರಡು ಮೂಟೆಯಷ್ಟು ಕಳವಾಯಿತು. ನಮ್ಮ ಲೈನ್‌ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಒಂದು ಯರವ ಆದಿವಾಸಿ ಕುಟುಂಬ ಇದೆ. ಆ ಮನೆಯ ಹುಡುಗನಿಗೆ ಆಗ ಹತ್ತೊಂಬತ್ತು. ರಾತ್ರಿ ಒಂಬತ್ತೂವರೆಗೆ ಜೀಪು ಬಂತು. ಊಟಕ್ಕೆ ಕೂತಿದ್ದ ಹುಡುಗನನ್ನು ಎಬ್ಬಿಸಿಕೊಂಡು ಹೋದರು. ಬೆಳಿಗ್ಗೆ ಅವನ ತಾಯಿ ನಮ್ಮ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ಅಮ್ಮಾ, ಹುಡುಗನ್ನ ಕರ್ಕೊಂಡು ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ" ಅಂದಳು. ರಾತ್ರಿಯೇ ಯಾಕೆ ಬರಲಿಲ್ಲ ಅಂತ ಕೇಳಿದೆ. "ಹೆದರಿಕೆ ಆಯ್ತು" ಅಂದಳು. ಅಷ್ಟೇ.

ಇಬ್ಬರೂ ಬಸ್ಸು ಹಿಡಿದು ಠಾಣೆಗೆ ಹೋದೆವು. ಅವಳು ಹೊರಗೆ ಗೋಡೆ ಪಕ್ಕ ನೆಲದ ಮೇಲೆ ಕೂತಳು. ಯಾರೂ ಕೂರಬೇಡ ಅನ್ನಲಿಲ್ಲ, ಬೆಂಚಿನ ಮೇಲೆ ಕೂರು ಅಂತಲೂ ಅನ್ನಲಿಲ್ಲ. ನಾನು ಒಳಗೆ ನಿಂತೆ. ಮುಕ್ಕಾಲು ಗಂಟೆ ನಿಂತೆ. ಅಂಥ ಹುಡುಗ ಇಲ್ಲಿ ಯಾರೂ ಇಲ್ಲ ಅಂದರು. ಕೊನೆಗೆ ನಾನು ಅಪ್ಪನ ಹೆಸರು ಹೇಳಿದೆ, ಇಂಥ ಕಡೆ ದಫೇದಾರರಾಗಿದ್ದರು ಅಂದೆ. ತಕ್ಷಣ ಕುರ್ಚಿ ಬಂತು, ಟೀ ಬಂತು. "ಮೊದಲೇ ಹೇಳಬಾರದಿತ್ತಾ ಅಮ್ಮ, ನೀವು ನಮ್ಮವರೇ ಅಂತ" ಅಂದರು. ಹತ್ತು ನಿಮಿಷದಲ್ಲಿ, ಇಲ್ಲ ಅಂದಿದ್ದ ಹುಡುಗ ಹಿಂದಿನ ಕೋಣೆಯಿಂದ ಹೊರಗೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದಿದ್ದ. ಪಾದ ಅಷ್ಟು ಊದಿತ್ತು.

ಯಾವ ಪುಸ್ತಕದಲ್ಲೂ ಅವನ ಹೆಸರು ಬರೆದಿರಲಿಲ್ಲ. ಯಾವ ಕಾಗದಕ್ಕೂ ಸಹಿ ಇರಲಿಲ್ಲ. ಮೆಣಸು ಕದ್ದವರು ಬೇರೆಯವರು ಅಂತ ಎರಡು ವಾರದ ಮೇಲೆ ಗೊತ್ತಾಯಿತು. ಅದನ್ನು ಆ ತಾಯಿಗೆ ಬಂದು ಹೇಳಿದವರು ಯಾರೂ ಇಲ್ಲ. ಪೇಟೆಯಲ್ಲಿ ಕೇಳಿ ಬಂದು ನಾನೇ ಹೇಳಿದೆ. ಆ ಟೀಯನ್ನು ಅವತ್ತು ನಾನು ಕುಡಿದೆ. ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನನ್ನ ಅಪ್ಪನ ಹೆಸರಿಗೆ ತೆರೆದ ಬಾಗಿಲು ಅವಳ ಅಳುವಿಗೆ ತೆರೆಯಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ, ಮಾನ್ಯರೇ. ಮರುವರ್ಷ ಜನವರಿಯಲ್ಲಿ ನಮ್ಮದೇ ಕಣದಿಂದ ರೋಬಸ್ಟಾ ಕಾಫಿ ಹೋಯಿತು. ದೂರು ಕೊಟ್ಟೆವು. ಪೊಲೀಸರು ಬಂದರು. ಈ ಸಲ ಬಂದ ಎಸ್‌ಐ ತುಂಬ ಸಭ್ಯ ಹುಡುಗ. ಲೈನ್‌ಮನೆಯವರನ್ನೆಲ್ಲ ಸಮಾಧಾನದಿಂದಲೇ ವಿಚಾರಿಸಿದ. ಯಾರೂ ಏನೂ ನೋಡಿಲ್ಲ ಅಂದರು. ಒಂದು ತಿಂಗಳ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಆ ತಾಯಿ ಬಂದು ಮೆಲ್ಲಗೆ ಹೇಳಿದಳು: "ನೋಡಿದ್ದೆವು ಅಮ್ಮ. ಬಿಳಿ ಪಿಕಪ್ ಗಾಡಿ. ನಂಬರಿನ ಕೊನೆಯ ಎರಡು ಅಂಕಿ ಹುಡುಗನಿಗೆ ಗೊತ್ತುಂಟು. ಹೇಳಿದ್ರೆ ಮತ್ತೆ ಇವನನ್ನೇ ಕರ್ಕೊಂಡು ಹೋಗ್ತಾರೆ ಅಂತ ಸುಮ್ನಿದ್ದೆವು."

ಪೊಲೀಸರ ಮೇಲೆ ಜನರಿಗೆ ನಂಬಿಕೆ ಕಡಿಮೆಯಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಂದರೆ ಏನು ಅಂತ ನನಗೆ ತಿಳಿದದ್ದು ಅವತ್ತು. ಜನ ಬೀದಿಗೆ ಇಳಿದು ಕೂಗುವುದಿಲ್ಲ. ಕಲ್ಲು ಹೊಡೆಯುವುದಿಲ್ಲ. ಸುಮ್ಮನಾಗುತ್ತಾರೆ. ಒಂದು ಲೈನ್‌ಮನೆ ಸುಮ್ಮನಾಗುತ್ತದೆ, ಆಮೇಲೆ ಒಂದು ಆದಿವಾಸಿ ಹಾಡಿ, ಆಮೇಲೆ ಒಂದು ಇಡೀ ಗ್ರಾಮ. ಕಣ್ಣಿಗೆ ಬಿದ್ದದ್ದನ್ನು ನುಂಗಿಕೊಳ್ಳುತ್ತಾರೆ. ಆ ಸಭ್ಯ ಎಸ್‌ಐ ಹಿಂದಿನವರು ಮಾಡಿದ್ದಕ್ಕೆ ಬೆಲೆ ತೆತ್ತ. ಅವನಿಗೆ ಅದು ಗೊತ್ತೂ ಆಗಲಿಲ್ಲ.

ನಮ್ಮ ತೋಟದ ಒಂದು ಘಟನೆ ಹಿಡಿದುಕೊಂಡು ಇಡೀ ಇಲಾಖೆಯನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ವಿರಾಜಪೇಟೆಯಲ್ಲಿ ಮಾನಸಿಕ ಅಸ್ವಸ್ಥರೊಬ್ಬರು ತೀರಿಕೊಂಡರು. ಪೊಲೀಸರು ಹೊಡೆದದ್ದೇ ಕಾರಣ ಅನ್ನುವ ಆರೋಪ ಬಂದು, ಎಂಟು ಪೊಲೀಸರು ಅಮಾನತಾದರು. 2025ರ ಏಪ್ರಿಲ್‌ನಲ್ಲಿ ಇನ್ನೊಂದು. ಹೆಂಡತಿಯನ್ನು ಕೊಂದ ಆರೋಪದ ಮೇಲೆ ನಮ್ಮ ಜಿಲ್ಲೆಯ ಒಬ್ಬ ಬಡ ಕೂಲಿಯವರು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿದ್ದರು. ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿದ ಅಸ್ಥಿಪಂಜರವನ್ನು ಆಕೆಯದೇ ಅಂತ ತೀರ್ಮಾನಿಸಿ ಮೊಕದ್ದಮೆ ನಡೆದಿತ್ತು. ಡಿಎನ್‌ಎ ಹೊಂದಿರಲಿಲ್ಲ. ಕೊನೆಗೆ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಂಡರು. ಮೈಸೂರಿನ ನ್ಯಾಯಾಲಯ ಆ ಮನುಷ್ಯನನ್ನು ಬಿಡುಗಡೆ ಮಾಡಿತು. ತನಿಖೆ ನಡೆಸಿದ್ದು ಕೊಡಗಿನ ಪೊಲೀಸರಲ್ಲ, ಅದು ನನಗೆ ಗೊತ್ತು. ಆದರೆ ಹಾಡಿಯ ಮನುಷ್ಯನಿಗೆ ಜಿಲ್ಲೆಯ ಗಡಿ ಕಾಣುವುದಿಲ್ಲ, ಖಾಕಿ ಮಾತ್ರ ಕಾಣುತ್ತದೆ.

ಈಗ ಸೇನೆಯ ವಿಷಯಕ್ಕೆ ಬರುತ್ತೇನೆ.

ಕೊಡಗಿನಲ್ಲಿ ಸೈನಿಕನಿಲ್ಲದ ಮನೆತನ ಹುಡುಕುವುದು ಕಷ್ಟ. ಮಡಿಕೇರಿಗೆ ಬಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಪ್ರತಿಮೆಯಾಗಿ ನಿಂತಿದ್ದಾರೆ. ನಮ್ಮ ಮನೆಗಳಲ್ಲಿ ಕೋವಿ ಇದೆ. ಕೈಲ್‌ಪೊಳ್ದ್ ಅನ್ನುವ ಆಯುಧಪೂಜೆಯ ಹಬ್ಬದ ದಿನ ಅದನ್ನು ತೊಳೆದು, ಹೂವಿಟ್ಟು ಪೂಜೆ ಮಾಡುತ್ತೇವೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತೇವೆ. ಸಾವಿನ ಮನೆಯಲ್ಲೂ ಹಾರಿಸುತ್ತೇವೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದ್ದರಿಂದ ಆಯುಧ ಕಂಡರೆ ಗಾಬರಿಯಾಗುವ ಜನ ನಾವಲ್ಲ. ನನ್ನ ಮಾತನ್ನು ಆಯುಧದ ಭಯ ಅಂತ ಬದಿಗಿಡಬೇಡಿ ಅನ್ನುವುದಕ್ಕೇ ಇಷ್ಟು ಹೇಳಿದೆ.

ನಮ್ಮ ಯಜಮಾನರು ಈಶಾನ್ಯದಲ್ಲೂ ಕಾಶ್ಮೀರದಲ್ಲೂ ಇದ್ದವರು. ಅವರು ಒಂದು ಮಾತು ಹೇಳುತ್ತಾರೆ. "ನಮಗೆ ತರಬೇತಿ ಕೊಡುವಾಗ ಎದುರಿಗೊಂದು ಗುರಿ ನಿಲ್ಲಿಸುತ್ತಿದ್ದರು. ಅದು ಶತ್ರು. ಗುಂಡು ಬೀಳಬೇಕು, ಅಷ್ಟೇ. ಪೊಲೀಸನ ಎದುರಿಗೆ ಇರುವವನು ಕಳ್ಳನೇ ಆಗಿರಲಿ, ಅವನ ಹೆಂಡತಿ ಮಕ್ಕಳು ನಾಳೆ ಅದೇ ಪೊಲೀಸನ ಹತ್ತಿರ ದೂರು ಕೊಡಲು ಬರಬೇಕಲ್ವಾ?" ಸೈನಿಕ ಕೆಲಸ ಮುಗಿಸಿ ಆ ಜಾಗ ಬಿಟ್ಟು ಹೋಗುತ್ತಾನೆ. ಪೊಲೀಸ್ ಅಲ್ಲೇ ಇರಬೇಕು, ಅದೇ ಅಂಗಡಿಯಲ್ಲಿ ಹಾಲು ಕೊಳ್ಳಬೇಕು, ಅದೇ ಶಾಲೆಗೆ ಮಕ್ಕಳನ್ನು ಕಳಿಸಬೇಕು.

ಇದು ಹೊಸದಾಗಿ ಕಂಡುಹಿಡಿದ ವಿಚಾರವೇನಲ್ಲ. 1829ರಲ್ಲಿ ಲಂಡನ್ ನಗರಕ್ಕೆ ಪೊಲೀಸ್ ಪಡೆ ಕಟ್ಟಿದ ರಾಬರ್ಟ್ ಪೀಲ್ ಆ ಪೊಲೀಸರಿಗೆ ನೀಲಿ ಬಟ್ಟೆ ಕೊಟ್ಟರು. ಅಲ್ಲಿನ ಸೈನಿಕರದ್ದು ಕೆಂಪು. ಇವರನ್ನು ಜನ ಸೈನ್ಯ ಅಂದುಕೊಳ್ಳಬಾರದು ಅನ್ನುವುದೇ ಉದ್ದೇಶ. ಅದೇ ಬ್ರಿಟಿಷರು ಇಲ್ಲಿಗೆ ಆ ಮಾದರಿ ತರಲಿಲ್ಲ. ಐರ್ಲೆಂಡಿನ ಜನರನ್ನು ಅಂಕೆಯಲ್ಲಿಡಲು ಕಟ್ಟಿದ್ದ, ಕೋವಿ ಹಿಡಿದು ಬ್ಯಾರಕ್ಕಿನಲ್ಲಿ ಬದುಕುವ ಪೊಲೀಸರ ಮಾದರಿ ತಂದರು. 1857ರ ದಂಗೆ ಆದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಪೊಲೀಸ್ ಕಾಯ್ದೆ ಬಂತು. ಖಾಕಿಯೂ ಮೊದಲು ಸೈನ್ಯದ ಬಣ್ಣವೇ. ಆಮೇಲೆ ಸ್ವಾತಂತ್ರ್ಯ ಬಂತು, ಕರ್ನಾಟಕಕ್ಕೆ 1963ರ ಸ್ವಂತ ಪೊಲೀಸ್ ಕಾಯ್ದೆಯೂ ಬಂತು. ಆದರೂ "ಜನರನ್ನು ಕಾಯುವುದು" ಮತ್ತು "ಜನರ ಮೇಲೆ ಕಣ್ಣಿಡುವುದು" ಇವೆರಡರ ನಡುವಿನ ಹಳೆಯ ಗೊಂದಲ ಠಾಣೆಯ ಗೋಡೆಗಳಲ್ಲಿ ಇನ್ನೂ ಉಳಿದಿದೆ ಅಂತ ನನಗೆ ಅನ್ನಿಸುತ್ತದೆ.

ನನ್ನ ಅಪ್ಪ ಗಸ್ತಿಗೆ ಹೋಗುವಾಗ ಒಂದು ಲಾಠಿ, ಒಂದು ಟಾರ್ಚು, ಜೇಬಿನಲ್ಲೊಂದು ಸಣ್ಣ ಪುಸ್ತಕ ಇರುತ್ತಿತ್ತು. ಆ ಪುಸ್ತಕವೇ ಅವರ ಆಯುಧ. ಯಾರ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಗದ್ದೆಯ ಜಗಳ ಇದೆ, ಯಾರ ಮಗ ಊರು ಬಿಟ್ಟು ಹೋಗಿ ಈಗ ಬಂದಿದ್ದಾನೆ, ಯಾವ ಸೇತುವೆಯ ಹತ್ತಿರ ಸಂಜೆ ಕುಡಿಯಲು ಕೂರುತ್ತಾರೆ, ಎಲ್ಲ ಬರೆದಿರುತ್ತಿತ್ತು. ಅಪ್ಪನಿಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಬರುತ್ತಿತ್ತು. ಯರವರ ಮಾತು ಅರ್ಥವಾಗುತ್ತಿತ್ತು. ಅವರು ಹೊಡೆಯಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆ ಕಾಲದ ಪೊಲೀಸರು ದೇವರಾಗಿರಲಿಲ್ಲ. ಒಂದು ರಾತ್ರಿ ಯಾರನ್ನೋ ಹೊಡೆದು ಬಂದು ಊಟ ಮಾಡದೆ ಮಲಗಿದ್ದು, ಅವ್ವ ಬೆಳಗಿನವರೆಗೆ ಅವರ ಜೊತೆ ಮಾತಾಡದೆ ಇದ್ದದ್ದು ನನಗೆ ನೆನಪಿದೆ. ಆದರೆ ಹೊಡೆಸಿಕೊಂಡವನಿಗೆ ಅಪ್ಪನ ಹೆಸರು ಗೊತ್ತಿತ್ತು, ಅಪ್ಪನಿಗೆ ಅವನ ಮನೆ ಗೊತ್ತಿತ್ತು. ಮುಖಕ್ಕೆ ಮುಖ ಕೊಟ್ಟು ಬದುಕಬೇಕಾಗಿತ್ತು. ಅದು ಕೈಯನ್ನು ಸ್ವಲ್ಪವಾದರೂ ತಡೆಯುತ್ತಿತ್ತು.

ಈಗ ಏನಾಗಿದೆ? ಸಣ್ಣದೊಂದು ಮೆರವಣಿಗೆ ಇದ್ದರೂ ಜಾಲರಿ ಕಿಟಕಿಯ ವ್ಯಾನುಗಳು ಬರುತ್ತವೆ. ಹೆಲ್ಮೆಟ್, ಗುರಾಣಿ, ಎದೆಗೆ ಕವಚ. ಎದೆಯ ಮೇಲಿನ ಹೆಸರುಪಟ್ಟಿ ಆ ಕವಚದ ಕೆಳಗೆ ಮುಚ್ಚಿಹೋಗಿರುತ್ತದೆ. ಮುಖ ಕಾಣದವರನ್ನು, ಹೆಸರು ಕಾಣದವರನ್ನು ನಂಬುವುದು ಹೇಗೆ?

2015ರ ನವೆಂಬರ್ 10ನ್ನು ನಾನು ಮರೆತಿಲ್ಲ. ಟಿಪ್ಪು ಜಯಂತಿಯ ದಿನ ಮಡಿಕೇರಿಯಲ್ಲಿ ಗಲಭೆಯಾಗಿ ಸಾವಾಯಿತು. ಅದಾದ ಮೇಲೆ 2018ರವರೆಗೂ ನವೆಂಬರ್ ಬಂತು ಅಂದರೆ ನಿಷೇಧಾಜ್ಞೆ, ಮೀಸಲು ಪಡೆ, ಮುಚ್ಚಿದ ಅಂಗಡಿಗಳು. ಅಷ್ಟು ಬಂದೋಬಸ್ತ್ ಬೇಡವಾಗಿತ್ತು ಅಂತ ನಾನು ಹೇಳಲಾರೆ. ಜೀವ ಹೋದದ್ದನ್ನು ಕಂಡಿದ್ದೇವೆ. ಆದರೆ ಆ ವ್ಯಾನುಗಳು ವಾಪಸ್ ಹೋದ ಮೇಲೆ ಊರಿನ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಕೆಲಸ ಆಯಾ ಠಾಣೆಯ ಪೇದೆಯ ಪಾಲಿಗೇ ಬಂತು. ಆ ಕೆಲಸಕ್ಕೆ ಗುರಾಣಿ ಪ್ರಯೋಜನಕ್ಕೆ ಬರುವುದಿಲ್ಲ.

ನಕ್ಸಲ್ ನಿಗ್ರಹ ಪಡೆಯ ವಿಷಯವೂ ಇದೇ. ಎಷ್ಟೋ ವರ್ಷ ನಮ್ಮ ಗಡಿಯ ಕಾಡುಗಳಲ್ಲಿ ಕೂಂಬಿಂಗ್ ನಡೆಯಿತು. ಜಿಗಣೆ ಕಚ್ಚಿಸಿಕೊಂಡು, ಮಳೆಯಲ್ಲಿ ನೆಂದು ಆ ಹುಡುಗರು ಪಟ್ಟ ಕಷ್ಟ ದೊಡ್ಡದು. 2024ರ ನವೆಂಬರಿನಲ್ಲಿ ಉಡುಪಿ ಜಿಲ್ಲೆಯ ಹೆಬ್ರಿ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಈ ಪಡೆಯ ಗುಂಡಿಗೆ ಬಲಿಯಾದರು. ಎರಡು ತಿಂಗಳೂ ಆಗಿರಲಿಲ್ಲ, 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಅವರನ್ನು ಕಾಡಿನಿಂದ ಹೊರಗೆ ತಂದದ್ದು ಮಧ್ಯೆ ನಿಂತು ಮಾತಾಡಿದ ನಾಗರಿಕರು ಮತ್ತು ಸರ್ಕಾರದ ಶರಣಾಗತಿ ಸಮಿತಿ. ಆಮೇಲೆ ಕಾಡಿನ ಕೆಲಸ ಕಡಿಮೆಯಾಯಿತು. ಕರಾವಳಿಯಲ್ಲಿ ಸಾಲುಸಾಲು ಕೊಲೆಗಳಾದವು. 2025ರ ಜೂನ್‌ನಲ್ಲಿ ಅದೇ ಪಡೆಯಿಂದ 248 ಮಂದಿಯನ್ನು ತೆಗೆದು, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ಕೋಮು ಗಲಭೆ ತಡೆಯುವ ವಿಶೇಷ ಕಾರ್ಯಪಡೆ ಮಾಡಿದರು. ಸರ್ಕಾರದ ಆತಂಕ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಡಿನಲ್ಲಿ ಹೆಜ್ಜೆಗುರುತು ಹಿಡಿದು ಬೇಟೆಗೆ ಹೋಗುವುದನ್ನು ಕಲಿತವರಿಗೆ ಸಂತೆಯ ಬೀದಿಯಲ್ಲಿ ಇಬ್ಬರು ನೆರೆಹೊರೆಯವರ ನಡುವಿನ ಅಪನಂಬಿಕೆ ಬಿಡಿಸುವುದನ್ನು ಯಾರು ಕಲಿಸಿದರು? ನಾಳೆ ಅಂಥದ್ದೊಂದು ಪಡೆ ನಮ್ಮ ಜಿಲ್ಲೆಗೂ ಬೇಕು ಅಂತ ಯಾರಾದರೂ ಕೇಳಿದರೆ, ದಯವಿಟ್ಟು ಈ ಪ್ರಶ್ನೆ ಎತ್ತಿ.

ಇದರ ದಾರಿ ಎಲ್ಲಿಗೆ ಹೋಗುತ್ತದೆ ಅಂತ ದೂರದ ದೇಶ ತೋರಿಸಿಕೊಟ್ಟಿದೆ. ಅಮೆರಿಕದಲ್ಲಿ ಸೇನೆಯಲ್ಲಿ ಮಿಕ್ಕ ಸಾಮಾನುಗಳನ್ನು ಊರಿನ ಪೊಲೀಸರಿಗೆ ಕೊಡುವ ಯೋಜನೆ 1990ರ ದಶಕದಿಂದ ಇದೆ. 2014ರ ಆಗಸ್ಟ್‌ನಲ್ಲಿ ಫರ್ಗುಸನ್ ಅನ್ನುವ ಊರಿನಲ್ಲಿ ಪೊಲೀಸ್ ಗುಂಡಿಗೆ ಹದಿನೆಂಟು ವರ್ಷದ ಕಪ್ಪು ಹುಡುಗ ಸತ್ತ. ಪ್ರತಿಭಟನೆಗೆ ಬಂದ ಜನರ ಎದುರಿಗೆ ಕವಚದ ಗಾಡಿಗಳು ಬಂದು ನಿಂತವು. ಟಿವಿಯಲ್ಲಿ ಅದನ್ನು ನೋಡುತ್ತಿದ್ದ ನಮ್ಮ ಯಜಮಾನರು, "ಊರಿನ ಜನರ ಕಡೆಗೆ ಹೀಗೆ ನಳಿಗೆ ತಿರುಗಿಸಿದ್ದರೆ ನಮ್ಮ ಕಮಾಂಡರ್ ಅಲ್ಲೇ ಕೋವಿ ಕಿತ್ತುಕೊಳ್ಳುತ್ತಿದ್ದರು" ಅಂದರು. ಮರುವರ್ಷ ಅಧ್ಯಕ್ಷ ಒಬಾಮ ಆ ಪಟ್ಟಿಯಿಂದ ಕೆಲವು ಸಾಮಾನು ತೆಗೆದರು. 2017ರಲ್ಲಿ ಟ್ರಂಪ್ ಮತ್ತೆ ಸೇರಿಸಿದರು. ಒಮ್ಮೆ ಕೈಗೆ ಬಂದ ಸಾಮಾನನ್ನು ಬಿಡುವುದು ಅಷ್ಟು ಕಷ್ಟ.

ಸೈನಿಕರಲ್ಲೇ ತಾಳ್ಮೆಯ ಮಾದರಿ ಬೇಕು ಅಂದರೆ ಮಡಿಕೇರಿಯಲ್ಲೇ ಇದೆ. ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ನೀವೂ ನೋಡಿರುತ್ತೀರಿ. 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳನ್ನು ವಾಪಸ್ ಕಳಿಸುವ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆದರು. ಒಬ್ಬರನ್ನೊಬ್ಬರು ಕೊಲ್ಲಲು ನಿಂತಿದ್ದ ಗ್ರೀಕರು ಮತ್ತು ತುರ್ಕಿಯರ ನಡುವೆ ನಿಲ್ಲುವ ಕೆಲಸ ಅದು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ದೊಡ್ಡ ಯುದ್ಧಗಳನ್ನು ಕಂಡ ಸೇನಾಪತಿಯ ಕೊನೆಯ ಕೆಲಸ ಎರಡೂ ಕಡೆಯವರ ನಂಬಿಕೆ ಗಳಿಸುವುದಾಗಿತ್ತು. ನಿಮ್ಮ ಹೊಸ ಪೇದೆಗಳನ್ನು ಆ ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಟ್ಯಾಂಕಿನ ಮುಂದೆ ಫೋಟೋ ತೆಗೆಸಿ ಕಳಿಸಬೇಡಿ, ಸೈಪ್ರಸ್‌ನ ವಿಷಯವನ್ನೂ ಹೇಳಿ.

ನಿಮ್ಮ ಪೇದೆಗಳ ಬಗ್ಗೆಯೂ ಹೇಳಬೇಕು. ಅವರ ಮೇಲೆ ನನಗೆ ಕೋಪಕ್ಕಿಂತ ಜಾಸ್ತಿ ಕನಿಕರ ಇದೆ. ವಿಜಯಪುರದ ಕಡೆಯ ಒಬ್ಬ ಹುಡುಗ ನಮ್ಮ ಗಸ್ತಿಗೆ ಬರುತ್ತಿದ್ದ. ಜೂನ್‌ನಲ್ಲಿ ಮಳೆ ಹಿಡಿಯಿತು. ಅವನು ಅಂಥ ಮಳೆ ನೋಡಿದವನಲ್ಲ. ಆಗಿನ್ನೂ ಆ ಅಗಲ ಅಂಚಿನ ಟೋಪಿ ಇತ್ತು, ಈಗಿನ ಪೀಕ್ ಕ್ಯಾಪ್ ಬಂದಿರಲಿಲ್ಲ. ಟೋಪಿ ನೀರು ಕುಡಿದು ಭಾರವಾಗಿ ಕಿವಿ ಮೇಲೆ ಬೀಳುತ್ತಿತ್ತು. ಜಿಗಣೆ ಕಚ್ಚಿದ ಕಾಲು ಕೆರೆದು ಹುಣ್ಣು ಮಾಡಿಕೊಂಡಿದ್ದ. ಸುಣ್ಣ ಹಚ್ಚು ಅಂತ ನಾನೇ ಹೇಳಿಕೊಟ್ಟೆ. "ನಿಮ್ಮ ಕಡೆ ಮಂದಿ ಮಾತು ತಿಳಿಯಾಂಗಿಲ್ರೀ ಅಮ್ಮ" ಅನ್ನುತ್ತಿದ್ದ. ಲೈನ್‌ಮನೆಯವರಿಗೆ ಅವನ ಕನ್ನಡ ತಿಳಿಯುತ್ತಿರಲಿಲ್ಲ. ಅವರಿಗೆ ಇವನ ಹೆದರಿಕೆ, ಇವನಿಗೆ ಅವರ ಹೆದರಿಕೆ. ಎರಡನೆಯ ಮಳೆಗಾಲದ ಹೊತ್ತಿಗೆ ಜನ ಅವನನ್ನು ಹೆಸರು ಹಿಡಿದು ಕರೆಯತೊಡಗಿದರು. ಮಕ್ಕಳು ಅವನ ಬೈಕು ಕಂಡರೆ ಓಡಿ ಬರುತ್ತಿದ್ದರು. ಅಷ್ಟರಲ್ಲಿ ಅವನ ಗಸ್ತು ಬದಲಾಯಿತು, ಬೇರೆ ಹುಡುಗ ಬಂದ, ಮತ್ತೆ ಮೊದಲಿನಿಂದ.

ಆ ಹುಡುಗನಿಗೆ ವಾರದ ರಜೆ ಸಿಗುತ್ತಿದ್ದುದು ಹೆಸರಿಗೆ ಮಾತ್ರ. ಶನಿವಾರ ಭಾನುವಾರ ಪ್ರವಾಸಿಗರ ಕಾರುಗಳ ಮಧ್ಯೆ ನಿಲ್ಲಬೇಕು. ಸೋಮವಾರ ಮಂತ್ರಿಗಳು ಬರುತ್ತಾರೆ. ಮಡಿಕೇರಿ ದಸರಾದಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ಅಂದರೆ ದಶಮಂಟಪ, ಹೊರಟರೆ ಬೆಳಗಿನವರೆಗೂ ಹಗ್ಗ ಹಿಡಿದು ನಿಂತಿರಬೇಕು. 2016ರ ಜೂನ್‌ನಲ್ಲಿ ಸಂಬಳ, ರಜೆ, ಮೇಲಧಿಕಾರಿಗಳ ಕಿರುಕುಳದ ವಿಷಯಕ್ಕೆ ರಾಜ್ಯದ ಪೊಲೀಸರು ಒಟ್ಟಾಗಿ ರಜೆ ಹಾಕಲು ಹೊರಟಿದ್ದು ನಿಮಗೆ ನೆನಪಿರಬಹುದು. ಠಾಣೆಯೊಳಗೆ ಮೇಲಿನವರು ಕೆಳಗಿನವರನ್ನು ಏಕವಚನದಲ್ಲಿ ಬೈದರೆ, ಆ ಬೈಗುಳ ಸಂಜೆಯೊಳಗೆ ಹೊರಗೆ ನೆಲದ ಮೇಲೆ ಕೂತವಳಿಗೆ ತಲುಪುತ್ತದೆ. ಅಪ್ಪ ಬೈಸಿಕೊಂಡು ಬಂದ ದಿನ ನಮಗೆ ಮನೆಯಲ್ಲೇ ಗೊತ್ತಾಗುತ್ತಿತ್ತು.

ನಂಬಿಕೆ ಎಲ್ಲೂ ಇರಲಿಲ್ಲ ಅಂತಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜಾರಿ ಬಿದ್ದಾಗ ನಾವದನ್ನು ಕಂಡಿದ್ದೇವೆ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ರಸ್ತೆಯೇ ಇಲ್ಲದಾಗ ಸೇನೆ, ಅಗ್ನಿಶಾಮಕ ದಳ, ಊರಿನ ಯುವಕರ ಜೊತೆ ಪೊಲೀಸರೂ ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದರು. ಅಮ್ಮತ್ತಿಯ ನಮ್ಮ ನೆಂಟರ ಮನೆಗೆ ಬಂದು ಸೇರಿದ ಒಬ್ಬ ಅಜ್ಜಿ, ತನ್ನನ್ನು ಬೆನ್ನ ಮೇಲೆ ಹೊತ್ತು ತಂದ ಪೇದೆಯ ಹೆಸರನ್ನು ಸಾಯುವವರೆಗೂ ಹೇಳುತ್ತಿದ್ದಳು. ಅವತ್ತು ಅವನ ಕೈಯಲ್ಲಿ ಇದ್ದದ್ದು ಒಂದು ಹಗ್ಗ. ಅದಕ್ಕೆ ಎರಡು ವರ್ಷ ಹಿಂದೆ, 2016ರ ಡಿಸೆಂಬರಿನಲ್ಲಿ, ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತು ಹಾಕುವಾಗ ಬಂದೋಬಸ್ತಿಗೆ ನಿಂತದ್ದೂ ಇದೇ ಖಾಕಿ. ಒಂದೇ ಜಿಲ್ಲೆ, ಎರಡು ವರ್ಷದ ಅಂತರ. ಅಜ್ಜಿಯ ನೆನಪೂ ನಿಜ, ದಿಡ್ಡಳ್ಳಿಯ ಹೆಂಗಸರ ನೆನಪೂ ನಿಜ.

ಹಾಗಾದರೆ ಏನು ಮಾಡಬೇಕು ಅಂತ ಕೇಳಬಹುದು. ಹೊಸ ಕಾನೂನು ನಾನು ಕೇಳುತ್ತಿಲ್ಲ. ಇರುವುದೇ ಸಾಕಷ್ಟಿದೆ. ಬಂಧಿಸಿದರೆ ಕಾಗದ ಬರೆಯಬೇಕು, ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ಪೊಲೀಸರ ಹೆಸರುಪಟ್ಟಿ ಕಾಣಬೇಕು ಅಂತ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದ್ದು 1996ರಲ್ಲಿ. ನಮ್ಮ ಹುಡುಗ ಆಗ ಹುಟ್ಟಿಯೇ ಇರಲಿಲ್ಲ. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಇದೆ. ಮನೆ ಶೋಧಿಸುವಾಗ ವಿಡಿಯೋ ಮಾಡಬೇಕು ಅಂತಲೂ ಇದೆ. ಠಾಣೆಗಳಲ್ಲಿ ಮಾತೂ ಕೇಳಿಸುವ ಸಿಸಿಟಿವಿ ಇರಬೇಕು, ಅದರ ದಾಖಲೆ ಹದಿನೆಂಟು ತಿಂಗಳು ಉಳಿಯಬೇಕು ಅಂತ 2020ರ ಡಿಸೆಂಬರಿನಲ್ಲಿ ಅದೇ ಕೋರ್ಟ್ ಹೇಳಿದೆ. ಲಾಕಪ್ ಮಾತ್ರ ಅಲ್ಲ, ಪಡಸಾಲೆ, ಹಿಂಭಾಗ, ಎಲ್ಲ ಕಡೆಯೂ. ನನ್ನ ಮೊದಲ ವಿನಂತಿ ಆ ಹಿಂದಿನ ಕೋಣೆಯ ಬಗ್ಗೆ. ಜಿಲ್ಲೆಯ ಪ್ರತಿ ಠಾಣೆಗೆ ನೀವೇ ಹೋಗಿ, ಮೊದಲೇ ತಿಳಿಸದೆ ಹೋಗಿ, ಕ್ಯಾಮೆರಾ ಕಾಣದ ಕೋಣೆ ಯಾವುದು ಅಂತ ನೋಡಿ.

2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಪೊಲೀಸರ ಮೇಲಿನ ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಬೇಕು ಅಂತ ಸುಪ್ರೀಂ ಕೋರ್ಟ್ ಆದೇಶಿಸಿತು. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಅದಕ್ಕೆ ಜಾಗ ಕೊಟ್ಟಿತು. ನಮ್ಮ ಊರಿನಲ್ಲಿ ಹತ್ತು ಜನರನ್ನು ಕೇಳಿದೆ. ಒಬ್ಬರಿಗೂ ಅದರ ಹೆಸರೇ ಗೊತ್ತಿಲ್ಲ. ಓದಿದವರಿಗೂ ಗೊತ್ತಿಲ್ಲ. ಪ್ರತಿ ಠಾಣೆಯ ಹೊರಗೆ, ಪ್ರತಿ ಪಂಚಾಯಿತಿ ಕಚೇರಿಯಲ್ಲಿ, ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಅದರ ವಿಳಾಸ ದೊಡ್ಡ ಅಕ್ಷರದಲ್ಲಿ ಬರೆಸಿ. ಓದಲು ಬಾರದವರಿಗೆ ಗಸ್ತಿನ ಪೇದೆಯೇ ಬಾಯಿಬಿಟ್ಟು ಹೇಳಲಿ. ತನ್ನ ಮೇಲೆ ಎಲ್ಲಿ ದೂರು ಕೊಡಬೇಕು ಅಂತ ತಾನೇ ಹೇಳುವ ಪೊಲೀಸನನ್ನು ಜನ ಬೇಗ ನಂಬುತ್ತಾರೆ.

ಗಸ್ತಿನ ಹುಡುಗರನ್ನು ಒಂದು ಕಡೆ ಕೆಲ ವರ್ಷ ಇರಲು ಬಿಡಿ. 2017ರಲ್ಲಿ ರಾಜ್ಯದಲ್ಲಿ ಹೊಸ ಗಸ್ತು ವ್ಯವಸ್ಥೆ ಬಂದಾಗ, ಒಬ್ಬೊಬ್ಬ ಪೇದೆಗೂ ಒಂದೊಂದು ಪ್ರದೇಶ, ಜೊತೆಗೆ ಊರಿನವರ ಸಮಿತಿ ಅಂದಾಗ ನನಗೆ ಅಪ್ಪನ ಪುಸ್ತಕ ನೆನಪಾಗಿ ಸಂತೋಷವಾಗಿತ್ತು. ಈಗ ಮನೆ ಮನೆಗೆ ಪೊಲೀಸ್ ಅಂತ ಇನ್ನೊಂದು ಕಾರ್ಯಕ್ರಮ ಬಂದಿದೆ. ಒಳ್ಳೆಯ ವಿಚಾರವೇ. ಆದರೆ ಆ ಮನೆಗಳ ಪಟ್ಟಿಯಲ್ಲಿ ಲೈನ್‌ಮನೆಗಳೂ ಹಾಡಿಗಳೂ ಇರಲಿ. ಅಸ್ಸಾಮಿನಿಂದ ಬಂದ ಕೂಲಿಯವರ ಶೆಡ್ಡುಗಳೂ ಇರಲಿ. ಅವರ ಬಳಿಗೆ ಪೊಲೀಸ್ ಹೋಗುವುದು ಆಧಾರ್ ಕಾರ್ಡ್ ಕೇಳಲು ಮಾತ್ರ ಆಗಬಾರದು. ಯರವ, ಜೇನುಕುರುಬ, ಬೆಟ್ಟಕುರುಬ ಹುಡುಗ ಹುಡುಗಿಯರು ಓದುತ್ತಿದ್ದಾರೆ. ಅವರನ್ನು ನೇಮಕಾತಿಗೆ ತಯಾರು ಮಾಡಿ. ಠಾಣೆಯಲ್ಲಿ ತನ್ನ ಮಾತಿನಲ್ಲಿ ಮಾತಾಡುವ ಒಬ್ಬರಿದ್ದಾರೆ ಅಂತ ಗೊತ್ತಾದರೆ ಆ ತಾಯಿ ಬೆಳಗಿನವರೆಗೆ ಕಾಯುತ್ತಿರಲಿಲ್ಲ.

ಇಲಾಖೆಗೆ ಹಣ ಬಂದಾಗ ಈ ಜಿಲ್ಲೆಗೆ ಏನು ಬೇಕು ಅಂತ ಬರೆಯುವವರು ನೀವು. ಒಳ್ಳೆಯ ರೇನ್‌ಕೋಟು, ಗಮ್‌ಬೂಟು, ಹಗ್ಗ, ಟಾರ್ಚು, ಸೋರದ ಕ್ವಾರ್ಟರ್ಸು ಅಂತ ಬರೆಯಿರಿ. ಮಹಿಳಾ ಸಿಬ್ಬಂದಿಗೆ ಗಸ್ತಿಗೆ ಗಾಡಿ ಅಂತ ಬರೆಯಿರಿ. ಕವಚದ ವಾಹನಕ್ಕಿಂತ ಮೊದಲು ಅವು ಇರಲಿ.

ಆ ಹುಡುಗನಿಗೆ ಈಗ ಇಪ್ಪತ್ತನಾಲ್ಕು. ಡ್ರೈವಿಂಗ್ ಕಲಿತಿದ್ದಾನೆ. ಬಸ್ಸು ಆ ಠಾಣೆಯ ಮುಂದೆ ಹೋಗುವಾಗ ಇವತ್ತಿಗೂ ಮುಖ ಆಚೆ ತಿರುಗಿಸುತ್ತಾನೆ ಅಂತ ಅವನ ತಾಯಿ ಹೇಳುತ್ತಾಳೆ. ನೀವು ಒಮ್ಮೆ ನಮ್ಮ ಲೈನ್‌ಮನೆಗೆ ಬರಬೇಕು ಅಂತ ನನ್ನ ಕೋರಿಕೆ. ತನಿಖೆಗಲ್ಲ, ಸುಮ್ನೆ ಕೂತು ಮಾತಾಡಲು. ಅವಳಿಗೆ ಮೊದಲೇ ಹೇಳಿ ಒಪ್ಪಿಸಿದ್ದೇನೆ. ಅವನು ಇನ್ನೂ ಒಪ್ಪಿಲ್ಲ, ಆದರೆ ಮನೆ ಬಿಟ್ಟು ಹೋಗುವುದಿಲ್ಲ ಅಂದಿದ್ದಾನೆ. ಭಾನುವಾರ ಎಲ್ಲರೂ ಸಂತೆಗೆ ಹೋಗುತ್ತಾರೆ, ಸಂಜೆ ನಾಲ್ಕರ ಮೇಲೆ ಸಿಗುತ್ತಾರೆ. ಮಳೆ ಇದ್ದರೆ ಜೀಪು ಅಲ್ಲಿಯವರೆಗೆ ಬರುವುದಿಲ್ಲ, ತೋಟದ ಗೇಟಿನಿಂದ ಅರ್ಧ ಮೈಲಿ ನಡೆಯಬೇಕಾಗುತ್ತದೆ. ಕೊಡೆ ಹಿಡಿದು ನಾನು ಗೇಟಿನ ಹತ್ತಿರವೇ ಇರುತ್ತೇನೆ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ದಫೇದಾರರ ಮಗಳು